ಕಂಪೈಲರಿನ ಪಂಕ್ತಿಯಲ್ಲಿ ಉಂಡವರು ಏಳುವ ಕುರಿತು

ಗಣಕ ವಿಭಾಗ, ಚೆಂಬೂರು, ಮುಂಬಯಿ
ಸಂಖ್ಯೆ: ಗವಿ/ಜಾಗ/ಇಲ್ಲ/74
ದಿನಾಂಕ: 16 ಆಗಸ್ಟ್ 1974

ವಿಷಯ: ದೊಡ್ಡ ಪ್ರೋಗ್ರಾಮುಗಳಿಗೆ ಕಂಪೈಲರಿನ ಮೆಮರಿ ಸಾಲದಿರುವ ಬಗ್ಗೆ, ಪಂಕ್ತಿ ಪದ್ಧತಿ ಜಾರಿಗೆ ತರುವ ಬಗ್ಗೆ, ಹಾಗೂ ಕುಮಾರಿ ವಿನೋದಿನಿಯವರನ್ನು ಖಾಯಂ ಮಾಡುವ ಬಗ್ಗೆ.

ಉಲ್ಲೇಖ: (1) ‘ಜಾಗ ಮುಗಿದಿದೆ’ ಎಂದು ಯಂತ್ರವು ತಾನಾಗಿಯೇ ಮುದ್ರಿಸಿದ ಹಾಳೆ, ಪ್ರತಿದಿನ.
(2) ಮೊದಲು ಕೊಟ್ಟ ಜಾಗ ಏನಾಯಿತೆಂದು ಕೇಂದ್ರ ಕಚೇರಿಯು ಕೇಳಿದ ಪತ್ರ.
(3) ಯಂತ್ರದ ಮೇಲೆ ಕೊಡೆ ಒಣಗಿಸುವುದನ್ನು ನಿಷೇಧಿಸಿದ ಹಿಂದಿನ ಸುತ್ತೋಲೆ.

ಶ್ರಾವಣದ ಮಳೆ ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಪ್ರೋಗ್ರಾಮಿನ ಸಾಲುಗಳನ್ನು ತೂತು ಕೊರೆದು ಬರೆದ, ತೇವಕ್ಕೆ ಉಬ್ಬಿದ ಕಾರ್ಡುಗಳನ್ನು ಸಿಪಾಯಿ ಬಂಡೆಪ್ಪನು ಬೆಳಿಗ್ಗೆ ಬಂದವನೇ ಹಪ್ಪಳ ಹರವಿದಂತೆ ಮೇಜಿನುದ್ದಕ್ಕೂ ಹರವಿ, ಒಣಗಿದವುಗಳನ್ನು ಒಂದೊಂದಾಗಿ ವಿನೋದಿನಿಯವರ ಕೈಗೆ ಕೊಡುವುದು, ಅವರು ಅವನ್ನು ಯಂತ್ರಕ್ಕೆ ಉಣಿಸುವುದು ಸದ್ಯ ವಿಭಾಗದಲ್ಲಿ ನಡೆದಿರುವ ಕೆಲಸವಾಗಿರುತ್ತದೆ.

ನಗರದ ಯಾವ ಚಾಳಿಗೆ, ಎಂದರೆ ವಠಾರಕ್ಕೆ, ಯಾವ ಹೊತ್ತಿಗೆ ನಳ ಬಿಡಬೇಕೆಂದು ಲೆಕ್ಕ ಹಾಕುವ ‘ನೀರಿನ ಸರದಿ’ ಎಂಬ ಪ್ರೋಗ್ರಾಮು ಈ ವಿಭಾಗದ ಅತಿ ದೊಡ್ಡ ಕೆಲಸ. ನಾವು ಬರೆದದ್ದನ್ನು ಓದಿ ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವ ಕಂಪೈಲರ್ ಎಂಬ ಸಾಧನವು ತಾನೂ ಅದೇ ಮೆಮರಿಯಲ್ಲಿ ಕೂತು ಈ ಕೆಲಸ ಮಾಡಬೇಕಾಗಿರುವುದರಿಂದ, ಬೈಕುಲ್ಲಾ ದಾಟಿ, ಚೆಂಬೂರು ದಾಟಿ, ಭಾಂಡುಪ್ ಬರುವ ಹೊತ್ತಿಗೆ ಜಾಗ ಮುಗಿದು ನಿಂತುಬಿಡುತ್ತಿತ್ತು. ಹೀಗಾಗಿ ಭಾಂಡುಪಿಗೆ ಕಾಗದದ ಮೇಲೂ ನೀರು ತಲುಪಿರಲಿಲ್ಲ.

ಸದರಿ ಪ್ರೋಗ್ರಾಮನ್ನು ಬರೆದವರು ತಾತ್ಕಾಲಿಕ ನೌಕರರಾದ ವಿನೋದಿನಿ. ಜುಲೈ ಮುಗಿಯುವುದರೊಳಗೆ ಅದು ಪೂರ್ತಿ ಓಡಿದರೆ ಖಾಯಂ, ಇಲ್ಲವಾದರೆ ಮನೆಗೆ ಎಂದು ಕೇಂದ್ರ ಕಚೇರಿಯು ತಿಳಿಸಿತ್ತು. ಬೈಕುಲ್ಲಾದಲ್ಲಿ ಅಣ್ಣನ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಕುರ್ಚಿ ತನಗಾಗಿಯೇ ಖಾಲಿ ಇಟ್ಟಿದ್ದಾರೆ, ಅಲ್ಲಿಗೆ ಹೋದಾಗಲೆಲ್ಲ ತಾನು ಅದಕ್ಕೆ ಬೆನ್ನು ಮಾಡಿ ನಿಲ್ಲುತ್ತೇನೆ ಎಂದು ಅವರು ಕೆಳಸಹಿದಾರರಾದ ಅಧೀಕ್ಷಕ ಧರ್ಮಣ್ಣನವರಲ್ಲಿ ಹೇಳಿಕೊಂಡದ್ದು ದಾಖಲೆಯಲ್ಲಿದೆ. ಈ ಹಿನ್ನೆಲೆಯಲ್ಲಿ ಎಲ್ಲರಿಗೂ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಪ್ರೋಗ್ರಾಮಿನಲ್ಲಿ ಬರುವ ಪ್ರತಿ ಹೆಸರನ್ನೂ ಕಂಪೈಲರ್ ನೆನಪಿಟ್ಟುಕೊಳ್ಳಬೇಕಾಗಿರುವುದರಿಂದ ಯಾವ ಹೆಸರೂ ಎರಡಕ್ಷರ ಮೀರತಕ್ಕದ್ದಲ್ಲ. ರೂಢಿಯಾಗಲೆಂದು ಸಿಬ್ಬಂದಿಯು ಪರಸ್ಪರ ಕರೆಯುವಾಗಲೂ ಇದನ್ನೇ ಪಾಲಿಸತಕ್ಕದ್ದು. “ಅಪ್ಪ ಇಟ್ಟ ಹೆಸರು ರೀ ಸಾಹೇಬ್ರ. ಎಷ್ಟ ಅಕ್ಷರ ಅದಾವೋ ನನಗ ಗೊತ್ತಿಲ್ಲ, ಆದ್ರ ಒಂದೂ ಬಿಡಾಂವಲ್ಲ” ಎಂದು ಬಂಡೆಪ್ಪನು ತಿಳಿಸಿರುವುದರಿಂದ ಆತನಿಗೆ ಮಾತ್ರ ವಿನಾಯಿತಿ ನೀಡಲಾಗಿದೆ.

2. ಪ್ರೋಗ್ರಾಮಿನ ನಡುವೆ ಇಂಥ ಸಾಲು ಇಂಥದ್ದಕ್ಕೆ ಎಂದು ವಿವರಿಸುವ ಕಾರ್ಡುಗಳನ್ನು ರದ್ದುಪಡಿಸಲಾಗಿದೆ. ಕಂಪೈಲರ್ ಅವನ್ನು ಓದದೆ ದಾಟಿಹೋಗುತ್ತದೆ, ತೆಗೆದರೆ ಜಾಗವೇನೂ ಉಳಿಯುವುದಿಲ್ಲ ಎಂದು ವಿನೋದಿನಿಯವರು ಹೇಳಿದ್ದನ್ನು ಪರಿಶೀಲಿಸಿ, ಸರಿಯೆಂದು ಕಂಡು, ರದ್ದತಿಯನ್ನು ಎತ್ತಿಹಿಡಿಯಲಾಗಿದೆ. ಇನ್ನು ಮುಂದೆ ವಿವರಣೆಯನ್ನು ಬರೆದವರೇ ತಲೆಯಲ್ಲಿಟ್ಟುಕೊಂಡು, ರಜೆಯ ಮೇಲೆ ಹೋಗುವಾಗ ಪಕ್ಕದವರ ಕಿವಿಯಲ್ಲಿ ಹೇಳಿ ಹೋಗತಕ್ಕದ್ದು. ಪಕ್ಕದವರೂ ರಜೆ ಹೋಗುವುದಾದರೆ ಇಬ್ಬರ ವಿವರಣೆಯೂ ಬಂಡೆಪ್ಪನ ಕಿವಿಗೆ.

3. ಹೆಚ್ಚಿನ ಮೆಮರಿ ಮಂಜೂರು ಮಾಡಬೇಕೆಂದು ಬರೆಯಲಾಗಿ, ಮೊದಲು ಕೊಟ್ಟದ್ದು ಪೂರ್ತಿ ಖರ್ಚಾಗಿದೆಯೆಂಬ ಪ್ರಮಾಣಪತ್ರದೊಂದಿಗೆ ಖರ್ಚಾದ ಮೆಮರಿಯನ್ನು ಉಗ್ರಾಣಕ್ಕೆ ಹಿಂದಿರುಗಿಸುವಂತೆ ಉತ್ತರ ಬಂದಿದೆ. ಇದು ಹೇಗೆಂದು ತಿಳಿಯದೆ, ಸುಟ್ಟ ಟ್ಯೂಬ್‌ಲೈಟುಗಳ ಜೊತೆಗೆ ಟೇಪಿನ ಒಂದು ಖಾಲಿ ಡಬ್ಬಿಯನ್ನು ಕಳಿಸಲಾಗಿದೆ. ಸ್ವೀಕೃತಿ ಬಂದಿದೆ.

4. ಆದಕಾರಣ, ಪ್ರೋಗ್ರಾಮನ್ನು ತುಂಡು ಮಾಡಿ, ಒಂದೊಂದೇ ತುಂಡನ್ನು ಕಂಪೈಲರಿಗೆ ಕೊಟ್ಟು, ತಯಾರಾದದ್ದನ್ನು ಟೇಪಿನಲ್ಲಿಟ್ಟು, ಓಡಿಸುವಾಗ ಬೇಕಾದ ತುಂಡನ್ನಷ್ಟೇ ಮೆಮರಿಗೆ ಕರೆದು, ಅದರ ಕೆಲಸ ಮುಗಿದ ಮೇಲೆ ಅದೇ ಜಾಗಕ್ಕೆ ಮುಂದಿನದನ್ನು ಕರೆಯಬಹುದೆಂದು ವಿನೋದಿನಿಯವರು ಸೂಚಿಸಿದರು. ಕೆಳಸಹಿದಾರರಿಗೆ ಇದು ಮೊದಲು ತಿಳಿಯಲಿಲ್ಲ. ಮತ್ತೊಮ್ಮೆ ಹೇಳಿದಾಗಲೂ ತಿಳಿಯಲಿಲ್ಲ. ಆಗ ಆಕೆ, “ಸರ್, ನಿಮ್ಮ ಊರಲ್ಲಿ ಮದುವೆಗೆ ಹಂದರ ಸಣ್ಣದಾದ್ರೆ ಎಂತ ಮಾಡ್ತೀರಿ? ಬಂದ ನೆಂಟರನ್ನು ವಾಪಸ್ ಕಳಿಸ್ಲಿಕ್ಕುಂಟಾ?” ಎಂದು ಕೇಳಿದರು. “ಪಂಕ್ತಿ ಮ್ಯಾಲ ಪಂಕ್ತಿ ಕೂಡಸ್ತೀವಿ ಬಿಡವಾ, ಅದರಾಗೇನೈತಿ?” ಎಂದ ಕೆಳಸಹಿದಾರರು, ಆ ಮಾತು ಬಾಯಿಂದ ಬೀಳುತ್ತಲೇ ವಿಷಯ ಮನದಟ್ಟಾಗಿ, ಕಡತಕ್ಕೆ ಸಹಿ ಹಾಕಿದರು.

5. ಪಂಕ್ತಿಯ ನಿಯಮಗಳು:

(ಅ) ಒಂದು ಪಂಕ್ತಿ ಉಂಡೆದ್ದು, ಎಲೆ ತೆಗೆದು, ನೆಲ ಒರೆಸಿದ ಮೇಲೆಯೇ ಮುಂದಿನ ಪಂಕ್ತಿ ಕೂರತಕ್ಕದ್ದು. ಎಲೆಯಲ್ಲಿ ಬಿಟ್ಟುಹೋದ ಲೆಕ್ಕಗಳಿಗೆ ವಿಭಾಗವು ಹೊಣೆಯಲ್ಲ.

(ಆ) ಉಳಿದವರನ್ನು ಕರೆಯುವ ಮುಖ್ಯ ತುಂಡು ಬಡಿಸುವವರ ಸ್ಥಾನದಲ್ಲಿದ್ದು, ಕೊನೆಯವರೆಗೂ ಹಂದರ ಬಿಟ್ಟು ಕದಲತಕ್ಕದ್ದಲ್ಲ. ಮೊದಲ ಪ್ರಯೋಗದಲ್ಲಿ ಬಡಿಸುವವರನ್ನೇ ಮೊದಲ ಪಂಕ್ತಿಯಲ್ಲಿ ಉಣ್ಣಿಸಿ ಎಬ್ಬಿಸಿದ್ದರಿಂದ, ಎರಡನೆಯದನ್ನು ಕರೆಯುವವರೇ ಇಲ್ಲದೆ ಯಂತ್ರವು ಸಂಜೆಯವರೆಗೆ ದೀಪ ಮಿಣುಕಿಸುತ್ತ ಸುಮ್ಮನೆ ಕೂತಿತ್ತು.

(ಇ) ಉಂಡವರು ಎಲೆಯ ಮುಂದೆ ಊರ ಸುದ್ದಿ ತೆಗೆದು ಕೂರತಕ್ಕದ್ದಲ್ಲ.

(ಈ) ಯಂತ್ರದ ಕೋಣೆಯಲ್ಲಿ ನಿಜವಾದ ಊಟ ಇರುವುದಿಲ್ಲ. ಕಳೆದ ತಿಂಗಳು ತಟ್ಟೆ ಹಿಡಿದು ಬಂದ ಪಕ್ಕದ ವಿಭಾಗದವರು ಇದನ್ನು ಗಮನಿಸತಕ್ಕದ್ದು.

6. ಪಂಕ್ತಿಯಲ್ಲಿ ಹಿರಿಯರಿಗೆ ಮೊದಲ ಎಲೆ ಎಂಬ ಪದ್ಧತಿಯಂತೆ ಉಪನಿರ್ದೇಶಕರಾದ ಶ್ರೀ ಕಾಂತಪ್ಪನವರ ತುಂಡನ್ನು ಮೊದಲು ಕೂರಿಸಲಾಯಿತು. ಸದರಿ ತುಂಡು ಪ್ರತಿ ಹಾಳೆಯ ತಲೆಯ ಮೇಲೆ ಅವರ ಹೆಸರು, ಹುದ್ದೆಗಳನ್ನು ನಕ್ಷತ್ರಗಳ ಚೌಕಟ್ಟಿನೊಳಗೆ ಮುದ್ರಿಸುತ್ತದೆ, ಬೇರೇನೂ ಮಾಡುವುದಿಲ್ಲ. ಪ್ರತಿ ಹಾಳೆಗೂ ಬೇಕಾದ್ದರಿಂದ ಏಳುವುದೂ ಇಲ್ಲ. ಅದು ಕಾಲು ಚಾಚಿ ಕೂತದ್ದರಿಂದ ಭಾಂಡುಪ್ ಮತ್ತೆ ಹಂದರದ ಹೊರಗೇ ನಿಂತಿತು. “ಸರ್, ನೀವು ಚೂರು ಏಳ್ಬೇಕಿತ್ತು” ಎಂದು ವಿನೋದಿನಿಯವರು ವಿನಂತಿಸಿದಾಗ ಶ್ರೀಯುತರು, “ನಾನು ಎದ್ರೆ ನನ್ನ ಹೆಸರು ಯಾರು ಹೊಡೀತಾರೆ ಮಾರಾಯ್ತಿ?” ಎಂದರು. “ರಬ್ಬರ್ ಮೊಹರು ಮಾಡಿಸುವ ಸರ್. ನಕ್ಷತ್ರ ನೀವು ಹೇಳಿದಷ್ಟು.” ನಕ್ಷತ್ರಗಳ ಬಗ್ಗೆ ಎರಡು ದಿನ ವಿಚಾರ ಮಾಡಿ ಶ್ರೀಯುತರು ಒಪ್ಪಿದರು. ಆ ಎರಡು ದಿನ ವಿನೋದಿನಿಯವರು ತಮ್ಮ ಊಟದ ಡಬ್ಬಿಯನ್ನು ತೆರೆದದ್ದು ಕಂಡುಬಂದಿಲ್ಲ.

7. ಜುಲೈ ತಿಂಗಳ ಕೊನೆಯ ದಿನ ಮಧ್ಯಾಹ್ನ ಪ್ರೋಗ್ರಾಮು ಪಂಕ್ತಿ ಪಂಕ್ತಿಯಾಗಿ ಓಡಿ, ಭಾಂಡುಪಿನ ಕಟ್ಟಕಡೆಯ ಚಾಳಿನವರೆಗೂ ಸರದಿ ಮುದ್ರಣವಾಯಿತು. ಬಂಡೆಪ್ಪನು ಕಿಟಕಿಯಿಂದ “ನೀರು ಬಂತೋ!” ಎಂದು ಕೂಗಿದ್ದರಿಂದ ಕೆಳಗಿನ ಚಾಳಿನ ಹೆಂಗಸರು ಕೊಡ ಹಿಡಿದು ಬಂದರು. ಅವರಿಗೆ ಹಾಳೆಯನ್ನು ತೋರಿಸಿ ಕಳಿಸಲಾಯಿತು. ಅವರು ಹೋಗುವಾಗ ಆಡಿದ ಮಾತುಗಳನ್ನು ದಾಖಲಿಸಿಲ್ಲ.

8. ವಿನೋದಿನಿಯವರನ್ನು ಖಾಯಂ ಮಾಡುವಂತೆ ಬರೆಯಲಾಗಿ, ಕೆಲಸ ತೃಪ್ತಿಕರವೆಂದೂ, ಆದರೆ ಖಾಯಂ ಹುದ್ದೆಗಳೆಲ್ಲ ಭರ್ತಿಯಾಗಿರುವುದರಿಂದ ಜಾಗವಿಲ್ಲವೆಂದೂ, ಆದಕಾರಣ ಮನೆಗೆ ಎಂದೂ ಕೇಂದ್ರ ಕಚೇರಿಯಿಂದ ಉತ್ತರ ಬಂತು. ಅದನ್ನು ಓದಿದ ವಿನೋದಿನಿಯವರು ಕಾರ್ಡುಗಳ ಅಂಚು ಕೂಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತ ಕೂತರು. ಮೊದಲ ಪಂಕ್ತಿಯಲ್ಲಿ ಹೊಟ್ಟೆತುಂಬ ಉಂಡು ಇನ್ನೂ ಕೂತೇ ಇದ್ದವನಿಗೆ, ಹಂದರದ ಹೊರಗೆ ನಿಂತವರ ಕಣ್ಣು ತನ್ನ ಎಲೆಯ ಮೇಲೇ ಇದ್ದಾಗ ಹೇಗಾಗುತ್ತದೋ ಹಾಗೆ ಕೆಳಸಹಿದಾರರಿಗಾಯಿತೆಂದು ಇಲ್ಲಿ ನಮೂದಿಸಲಾಗಿದೆ.

9. ಆದ್ದರಿಂದ ಐದನೇ ಕಲಮನ್ನು ಸಿಬ್ಬಂದಿಗೂ ವಿಸ್ತರಿಸಿ, ಪ್ರತಿ ಸೋಮವಾರದಿಂದ ಬುಧವಾರದವರೆಗೆ ಕೆಳಸಹಿದಾರರು ತಮ್ಮ ಖಾಯಂ ಜಾಗದಿಂದ ಎದ್ದು ತಾತ್ಕಾಲಿಕರಾಗತಕ್ಕದ್ದೆಂದೂ, ಆ ಜಾಗದಲ್ಲಿ ವಿನೋದಿನಿಯವರು ಖಾಯಂ ಆಗಿ ಕೂರತಕ್ಕದ್ದೆಂದೂ, ಗುರುವಾರದಿಂದ ಶನಿವಾರದವರೆಗೆ ಅದಲುಬದಲೆಂದೂ ಆದೇಶಿಸಲಾಗಿದೆ. ಹೀಗೆ ಮಾಡಬಾರದೆಂದು ಯಾವ ನಿಯಮದಲ್ಲೂ ಕಾಣದ್ದರಿಂದ ಕೇಂದ್ರ ಕಚೇರಿಯು ಒಪ್ಪಿದ್ದು, ಭಾನುವಾರ ಯಾರು ಖಾಯಂ ಎಂದಷ್ಟೇ ಕೇಳಿದೆ. ಭಾನುವಾರ ನೆಲ ಒರೆಸಲಾಗುವುದು. “ಬೇಡ ಸರ್, ನನಗೆ ನಾಚಿಕೆ ಆಗ್ತದೆ” ಎಂಬ ವಿನೋದಿನಿಯವರ ಆಕ್ಷೇಪಣೆಯನ್ನು, “ಸುಮ್ನ ಕೂಡವಾ, ಎಲಿ ಹಾಕ್ಯಾರ” ಎಂದು ತಳ್ಳಿಹಾಕಲಾಗಿದೆ.

10. ವಿಭಾಗವು ವಿನೋದಿನಿಯವರಿಗೆ ತೀರಿಸಬೇಕಾದ ಋಣದಲ್ಲಿ ಅರ್ಧವು ಇದರಿಂದ ತೀರಿದೆಯೆಂದೂ, ಉಳಿದರ್ಧವು ಪ್ರತಿ ಗುರುವಾರ ಬೆಳಿಗ್ಗೆ ಕಚೇರಿ ತೆರೆಯುತ್ತಲೇ ಬಾಕಿ ನಿಲ್ಲುವುದೆಂದೂ ತಿಳಿಯತಕ್ಕದ್ದು.

(ಸಹಿ) ಧರ್ಮಣ್ಣ
ಅಧೀಕ್ಷಕರು
(ಗುರುವಾರದಿಂದ ಶನಿವಾರದವರೆಗೆ ಖಾಯಂ)

ಪ್ರತಿಗಳು:
1. ಉಪನಿರ್ದೇಶಕರಿಗೆ: ತಲೆಯ ಮೇಲೆ ಮೊಹರು ಒತ್ತಿಕೊಳ್ಳಲು ಜಾಗ ಬಿಟ್ಟು.
2. ಕೇಂದ್ರ ಕಚೇರಿಯ ಉಗ್ರಾಣಕ್ಕೆ: ಕಳಿಸಿದ ಮೆಮರಿಯ ಡಬ್ಬಿಯನ್ನು ಬೇರೆಯವರಿಗೆ ಮಂಜೂರು ಮಾಡದಂತೆ ಕೋರಿ.
3. ಕುಮಾರಿ ವಿನೋದಿನಿ: ಸೋಮವಾರ ಬೆಳಿಗ್ಗೆ ಖಾಯಂ ನೌಕರರ ಬಾಗಿಲಿನಿಂದಲೇ ಒಳಬರುವಂತೆ.
4. ಸಿಪಾಯಿ ಬಂಡೆಪ್ಪ: ಓದಿ ಹೇಳಲಾಗಿದೆ. ನಕ್ಕಿರುತ್ತಾನೆ.
5. ಶ್ರೀಮತಿ ಗುರುಬಾಯಿ, ಕೆಳಸಹಿದಾರರ ಮನೆಯವರು, ಭಾಂಡುಪ್: ಮಾಹಿತಿಗಾಗಿ. ಈ ಪ್ರತಿಯನ್ನು, ಮನೆಯ ಯಜಮಾನರು ತಾತ್ಕಾಲಿಕರಾಗಿರುವ ಸೋಮವಾರದಿಂದ ಬುಧವಾರದವರೆಗೆ ಅವರ ಕೈಗೆ ಕೊಡತಕ್ಕದ್ದಲ್ಲ.