ಎಣಿಕೆ ತಪ್ಪದ ಬಣ್ಣದ ಯಂತ್ರಕ್ಕೊಂದು ದೂರು

ಬಟ್ಟೆಗೆ ಬಣ್ಣ ಹಾಕುವ ಮೂರನೇ ನಂಬರಿನ ಯಂತ್ರದವರ ಉಗಿಭರಿತ ಸನ್ನಿಧಾನಕ್ಕೆ, ತಮ್ಮನ್ನು ನಡೆಸುವ, ಕೆಟ್ಟರೆ ಬಿಚ್ಚುವ ಸೇವಕನು ಕೈಮುಗಿದು ಬರೆಯುವುದೇನೆಂದರೆ:

ಮಾನ್ಯರೇ,

ತಾವು ಕ್ಷೇಮವೆಂದು ತಮ್ಮ ಹಸಿರು ದೀಪ ನೋಡಿ ತಿಳಿದೆ. ಇತ್ತ ನಾನು ಕ್ಷೇಮವಲ್ಲ. ಏಳನೇ ತರಗತಿಯ ನಡುವಿನಲ್ಲೇ ಶಾಲೆ ಬಿಟ್ಟವನು, ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಕ್ವಿಂಟಾಲುಗಟ್ಟಲೆ ಬಟ್ಟೆ ಹಾಕಿಕೊಳ್ಳುವ ಹೊಟ್ಟೆಗೆ ಇದೇನು ಭಾರ.

ಈ ವಾರ ತಾವು ಹೊರಹಾಕಿದ ನೀಲಿ ಬಟ್ಟೆಯೆಲ್ಲ ಒಂದು ಕಡೆ ದಟ್ಟ, ಒಂದು ಕಡೆ ಪೇಲವ, ಥೇಟ್ ಮೋಡ ಕವಿದ ಆಕಾಶ. ತಮ್ಮ ಕಲೆಗೆ ಶರಣು. ಆದರೆ ಬಟ್ಟೆ ಪರೀಕ್ಷಿಸುವ ಮೇಜಿನಲ್ಲಿ ಕೂತವಳು ನನ್ನ ಹೆಂಡತಿ. ಪಟ್ಟೆ ಕಂಡಲ್ಲೆಲ್ಲ ಸೀಮೆಸುಣ್ಣದ ಗೀಟು ಎಳೆಯುವವಳು, ಗಂಡನೆಂದು ಒಂದು ಗೀಟೂ ಕಡಿಮೆ ಮಾಡುವವಳಲ್ಲ. ಗೀಟು ಕಂಡ ಯಜಮಾನರು, "ಇನ್ನೊಂದು ಸಲ ಹೀಗೆ ಬಂತೋ, ಈ ಯಂತ್ರ ಗುಜರಿಗೆ, ನೀನು ಮನೆಗೆ" ಎಂದುಬಿಟ್ಟರು. ತಮಗೇನು, ಗುಜರಿಯಲ್ಲೂ ತೂಕಕ್ಕೆ ಬೆಲೆಯಿದೆ. ನನ್ನನ್ನು ತೂಗಿ ಕೊಳ್ಳುವವರು ಯಾರು?

ಅಲ್ಲಿಂದ ನಾನು ಮಾಡದ ಸೇವೆಯಿಲ್ಲ. ಮಗುವಿನ ಮೂಗು ಒರೆಸಿದಂತೆ ತಮ್ಮ ಫಿಲ್ಟರಿನಿಂದ ನೂಲಿನ ಜುಂಗು ತೆಗೆದೆ. ಪಂಪಿನ ಸೀಲು ಬದಲಿಸಿದೆ. ಬಣ್ಣ ಬಿಡುವ ವಾಲ್ವಿಗೆ ಕಿವಿಯಿಟ್ಟು ಕೇಳಿದೆ. ಕಿವಿ ನೀಲಿಯಾಯಿತೇ ಹೊರತು ಕಾರಣ ತಿಳಿಯಲಿಲ್ಲ. ತಾವು ಮಾತ್ರ ಹಸಿರು ದೀಪ ಬೆಳಗಿಸಿಕೊಂಡು, ಹೇಳಿದಷ್ಟು ಸುತ್ತು ಮುಗಿಯಿತು ಎಂದು ಸತ್ಯಸಂಧರಂತೆ ತೋರಿಸುತ್ತಲೇ ಇದ್ದಿರಿ.

ಕೊನೆಗೆ ಹೆಂಡತಿಯೇ ಬಟ್ಟೆಯ ಹೊಲಿಗೆ ಹಿಚುಕಿ ನೋಡಿ, "ಏನ್ರೀ, ಈ ಹೊಲಿಗೇಲೂ ಒಂದು ಅಯಸ್ಕಾಂತ, ಆ ಹೊಲಿಗೇಲೂ ಒಂದಾ?" ಎಂದಳು. ಎರಡು ತುಂಡು ಬಟ್ಟೆಯನ್ನು ಎರಡು ಹೊಲಿಗೆ ಹಾಕಿ ಬಳೆಯಂತೆ ಕೂಡಿಸಿ, ಒಂದು ಹೊಲಿಗೆಯೊಳಗೆ ಮಾತ್ರ ಅಯಸ್ಕಾಂತದ ಗುಂಡಿ ಇಡಬೇಕು, ಅದು ಎದುರಿಗೆ ಬಂದಾಗ ತಾವು ಒಂದು ಸುತ್ತು ಎಣಿಸಿ, ಆ ಲೆಕ್ಕದಲ್ಲೇ ಬಣ್ಣ ಬಿಡುತ್ತೀರಿ ಎಂಬುದು ನನಗೂ ಗೊತ್ತು. ಆದರೆ ಆ ಒಂದು ಬಿದ್ದುಹೋದರೆ? ಹಾಗೆಂದು ಹೆದರಿ ಇನ್ನೊಂದು ಇಟ್ಟಿದ್ದೆ. "ನಾಳೆ ಅಂಗಿ ಮೇಲೂ ಇನ್ನೊಂದು ಅಂಗಿ ಹಾಕ್ಕೊಂಡು ಬನ್ನಿ, ಹರಿದ್ರೆ ಬೇಕಾಗುತ್ತೆ" ಎಂದಳು ಪುಣ್ಯಾತ್ಗಿತ್ತಿ.

ನನ್ನ ದೂರು ಇಷ್ಟೇ. ನಾನು ಎರಡು ಇಟ್ಟೆನೆಂದು ತಾವೂ ಒಂದೇ ಸುತ್ತನ್ನು ಎರಡೆಂದು ಎಣಿಸಿ, ಅರ್ಧ ದಾರಿಯಲ್ಲೇ ಬಣ್ಣ ಸುರಿದು ಮುಗಿಸಿಬಿಡುವುದೇ? ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೂ ತಮಗೂ ಏನು ವ್ಯತ್ಯಾಸ? 'ಪಾಪ, ಪುಕ್ಕಲ, ಭಯಕ್ಕೆ ಇಟ್ಟಿದ್ದಾನೆ' ಎಂದು ಒಂದನ್ನು ಬಿಟ್ಟುಬಿಡಬಾರದಿತ್ತೇ? ಇನ್ನು ಮುಂದಾದರೂ ನಾನು ಧೈರ್ಯವಾಗಿ ಇಟ್ಟದ್ದನ್ನು ಮಾತ್ರ ಎಣಿಸಿ, ಹೆದರಿ ಇಟ್ಟದ್ದನ್ನು ಕಂಡೂ ಕಾಣದಂತೆ ಇರಬೇಕಾಗಿ ಪ್ರಾರ್ಥನೆ.

ಇಂತಿ,
ಕೆಟ್ಟರೂ ತಮ್ಮನ್ನು ಬಿಟ್ಟು ಗತಿಯಿಲ್ಲದ,
ತಮ್ಮ ವಿಶ್ವಾಸಿ

ಮರೆತ ಮಾತು: ಒಂದೇ ಅಯಸ್ಕಾಂತ ಇಟ್ಟು ಹಾಕಿದ ಬಟ್ಟೆ ಒಂದೇ ಸಮ ಬಂತು. ಯಜಮಾನರು ತಮ್ಮ ಉಕ್ಕಿನ ಬೆನ್ನು ತಟ್ಟಿ, "ತಾನಾಗೇ ಸರಿಹೋಯ್ತಲ್ಲ, ಭೇಷ್!" ಎಂದು ಹೋದರು. ಹೆಂಡತಿ ಸೀಮೆಸುಣ್ಣ ಕೆಳಗಿಟ್ಟು, "ಇನ್ನೊಂದು ಎಲ್ಲಿ?" ಎಂದಳು. ನನ್ನ ಜೇಬಿನಲ್ಲಿದೆ, ಯಾವುದಕ್ಕೂ ಇರಲಿ ಎಂದು. ನಾನು ಹತ್ತಿರ ಬಂದಾಗ ದಯವಿಟ್ಟು ನನ್ನನ್ನೂ ಒಂದು ಸುತ್ತೆಂದು ಎಣಿಸಬೇಡಿ.