ಮುಳುಗುವವರು ಊಟದ ವಿಚಾರ ಕೇಳಬಾರದು

ನಮ್ಮ ಕಾಕಾ ವಾರಕ್ಕೆ ಒಮ್ಮೆಯಾದರೂ ಮುಳುಗುತ್ತಾರೆ. ಗಾಬರಿಯಾಗಬೇಡಿ! ಸಾಂಗಲಿಯ ನಮ್ಮ ಮನೆಯಿಂದ ಸಮುದ್ರ ನೋಡಬೇಕೆಂದರೆ ಘಟ್ಟ ಇಳಿದು ರತ್ನಾಗಿರಿಗೇ ಹೋಗಬೇಕು. ಆದರೆ ಮುಳುಗುವ ಮನಸ್ಸಿದ್ದವರಿಗೆ ಸಮುದ್ರವೇ ಬೇಕೆ? ಬಚ್ಚಲುಮನೆ ಸಾಕು.

ಇವರು ಅಪ್ಪನ ತಮ್ಮ. ಮದುವೆ ಆಗಲಿಲ್ಲ. ಹರೆಯವನ್ನೆಲ್ಲ ರತ್ನಾಗಿರಿ ಬಂದರಿನ ಒಂದು ಸಣ್ಣ ದೋಣಿಯಲ್ಲಿ ವೈರ್‌ಲೆಸ್ ಹಿಡಿದು ಕಳೆದವರು. ಕತ್ತಲಾದ ಮೇಲೆ ಉಣ್ಣದ, ಬಟಾಟೆ ಮುಟ್ಟದ ಜೈನರ ಮನೆಯ ಹುಡುಗ, ಮೀನಿನ ವಾಸನೆಯ ಬಂದರಿನಲ್ಲಿ! ನಮ್ಮ ಅಜ್ಜಿ ಆ ನಾಚಿಕೆ ತಾಳಲಾರದೆ ಕೇಳಿದವರಿಗೆಲ್ಲ “ಪೋಸ್ಟಿನ್ಯಾಗ ಅದಾನ್ರಿ” ಎಂದೇ ಹೇಳಿಕೊಂಡು ಬಂದಳು. ನೆಂಟರಲ್ಲಿ ಕೆಲವರು ಇವತ್ತಿಗೂ ಕಾಕಾನನ್ನು ಕಂಡರೆ, ಬಾರದ ಪಾರ್ಸೆಲ್ಲಿನ ಬಗ್ಗೆ ಜಗಳ ತೆಗೆಯುತ್ತಾರೆ.

ನಿವೃತ್ತರಾಗಿ ಬರುವಾಗ ಕಾಕಾ ತಂದದ್ದು ಒಂದು ಟ್ರಂಕು ಮತ್ತು ಒಂದು ನಿಯಮ. ದೋಣಿಯಿಂದ ಸಹಾಯಕ್ಕೆ ಹೇಗೆ ಕೂಗಬೇಕು? ಜೀವಕ್ಕೇ ಅಪಾಯವೆಂದರೆ ‘ಮೇಡೇ’, ಮೂರು ಸಲ. ತೊಂದರೆಯಿದೆ, ಆದರೆ ಸದ್ಯ ಜೀವ ಹೋಗುವಂಥದ್ದಲ್ಲ ಎಂದರೆ ‘ಪ್ಯಾನ್ ಪ್ಯಾನ್’, ಅದೂ ಮೂರು ಸಲ. ಆಮೇಲೆ ಯಾವ ದೋಣಿ, ಎಲ್ಲಿದೆ, ಏನಾಗಿದೆ, ಎಷ್ಟು ಮಂದಿ, ಏನು ಬೇಕು. ಕಡೆಗೆ ‘ಓವರ್’ ಎಂದು ಗುಂಡಿ ಬಿಟ್ಟು, ಬಾಯಿ ಮುಚ್ಚಿ ಕೇಳಬೇಕು. ಈ ಬಾಯಿ ಮುಚ್ಚುವ ವಿದ್ಯೆ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಹತ್ತಲಿಲ್ಲ.

ನಮ್ಮ ಕಡೆ ಫೋನಿನ ಪದ್ಧತಿಯೇ ಬೇರೆಯಲ್ಲವೆ? ಎಂಥ ಸಂಕಟವಿದ್ದರೂ ಮೊದಲು ಊಟದ ವಿಚಾರ, ಆಮೇಲೆ ಎಲ್ಲರ ಆರೋಗ್ಯ. ತನ್ನ ಕಷ್ಟವನ್ನು ಮೊದಲೇ ಒದರುವುದು ಗತಿಗೇಡಿಗಳ ಲಕ್ಷಣ! ಒಮ್ಮೆ ಆರಗದಿಂದ ಮಾವಶಿ, ಅವ್ವನ ತಂಗಿ, ಫೋನು ಮಾಡಿದಳು. ನಮ್ಮ ಊಟವಾಯಿತು, ಅಜ್ಜಿಯ ಮೊಣಕಾಲಾಯಿತು, ಎಮ್ಮೆ ಕರು ಹಾಕಿದ್ದಾಯಿತು. ಇನ್ನೇನು ಇಡಬೇಕು, ಆಗ, “ಹಾಂ, ಅಂದಂಗ, ನಮ್ಮ ಮನೀ ಮಾಳಿಗಿ ಬಿದ್ದೈತಿ” ಎಂದಳು. ಕಾಕಾ ಹಣೆ ಹಣೆ ಚಚ್ಚಿಕೊಂಡರು. “ಮೊದಲ ಮಾಳಿಗಿ ಹೇಳಬೇಕು ತಂಗೀ, ಆಮ್ಯಾಲ ಎಮ್ಮಿ!”

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ನನ್ನನ್ನು ನೋಡಲು ಮಿರಜದಿಂದ ವರನ ಕಡೆಯವರು ಬಂದರಲ್ಲ, ಆ ಹೊತ್ತಿಗೇ ಕಾಕಾ ಸ್ನಾನಕ್ಕೆ ಹೋಗಬೇಕೆ? ಹುಡುಗ ನನಗೆ ಬಹಳ ಹಿಡಿಸಿದ್ದ. ಅವನ ಅಪ್ಪ, ಬಿಗಿ ಮೋರೆಯ ಗೃಹಸ್ಥರು, ಅವಲಕ್ಕಿಯ ತಟ್ಟೆ ಕೈಗೆತ್ತಿಕೊಂಡಿದ್ದರು. ಹಿತ್ತಲಿನಿಂದ ಗುಡುಗು ಬಂತು.

“ಪ್ಯಾನ್ ಪ್ಯಾನ್, ಪ್ಯಾನ್ ಪ್ಯಾನ್, ಪ್ಯಾನ್ ಪ್ಯಾನ್! ಇದು ಬಚ್ಚಲಮನಿ, ಬಚ್ಚಲಮನಿ, ಬಚ್ಚಲಮನಿ! ಬಾಳಿಗಿಡದ ಎಡಕ್ಕ. ನಳ ಬಂದ್ ಆಗೈತಿ. ಒಬ್ಬನ ಅದೀನಿ, ಮೈತುಂಬ ಸಾಬಾಣ. ಒಂದು ಕೊಡ ನೀರು ಬೇಕು. ಓವರ್!”

ಉತ್ತರ ಬರದಿದ್ದರೆ ಇನ್ನೊಮ್ಮೆ ಕೂಗಬೇಕೆಂಬುದೂ ನಿಯಮ. ಕೂಗಿದರು.

“ಯಾರ್ರಿ ಅದು?” ಎಂದರು ವರನ ಅಪ್ಪ.

“ಬಾಜೂ ಮನೀ ರೇಡಿಯೋರಿ,” ಎಂದರು ನಮ್ಮಪ್ಪ.

“ರೇಡಿಯೋಕ್ಕ ಸಾಬಾಣ ಹಚ್ಚತಾರೇನ್ರಿ?”

ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಅವರು ಹೋಗುವಾಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ತಿಳಸ್ತೀವ್ರಿ” ಎಂದರು, ಅಷ್ಟೆ. ತಿಂಗಳಾದರೂ ತಿಳಿಸಲಿಲ್ಲ.

ಅಷ್ಟರಲ್ಲಿ ಮಳೆ ಹತ್ತಿ, ಹೊಳೆ ಉಕ್ಕಿ, ಕೃಷ್ಣೆ ನಮ್ಮ ಗಲ್ಲಿಗೇ ಬಂದಳು. ಅಪ್ಪ, ಅವ್ವ ಆರಗದ ಮಾವಶಿಯ ಮನೆಯಲ್ಲಿ ಸಿಕ್ಕಿಬಿದ್ದಿದ್ದರು. ಮನೆಯಲ್ಲಿದ್ದದ್ದು ಅಜ್ಜಿ, ಕಾಕಾ, ನಾನು. ಮಧ್ಯಾಹ್ನ ತರುಣ ಮಂಡಳಿಯವರ ರಬ್ಬರ್ ದೋಣಿ ಬಂತು. ನಮ್ಮ ಜೊತೆಗೆ ನೆರೆಮನೆಯ ಹೆಂಗಸರೂ ಹತ್ತಿದರು. ಗಲ್ಲಿಯ ತಿರುವಿನಲ್ಲಿ ಯಾರದೋ ಸೀರೆ ಮೋಟಾರಿನ ಪಂಖಕ್ಕೆ ಸುತ್ತಿಕೊಂಡು ದೋಣಿ ನಿಂತುಬಿಟ್ಟಿತು. ಮುಂದೆ ಹೊಳೆಯ ಸೆಳವು! ದೋಣಿಯವನು ಲೈಟಿನ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, “ಅಕ್ಕಾ, ಅದನ್ನ ಒತ್ತಿ ಮಾತಾಡ್ರಿ” ಎಂದು ತನ್ನ ಕೊರಳಲ್ಲಿದ್ದ ವಾಕಿಟಾಕಿಯತ್ತ ಗದ್ದ ಚಾಚಿದ. ದೋಣಿಯ ಒಂದು ಬದಿಯಿಂದ ಗಾಳಿ ಸುಸ್ಸೆಂದು ಹೋಗುತ್ತಿತ್ತು. ಅಜ್ಜಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಶುರು ಮಾಡಿದ್ದಳು.

ಒತ್ತಿದೆ. ಮಿರಜ ರಸ್ತೆಯ ಶಾಲೆಯಲ್ಲಿ ನೆರೆಗೆ ಸಿಕ್ಕವರಿಗಾಗಿ ಮಾಡಿದ್ದ ಕೇಂದ್ರದಿಂದ ಒಂದು ದನಿ ಬಂತು. ಆ ದನಿ ನನಗೆ ಗೊತ್ತು. ರೇಡಿಯೋಕ್ಕೆ ಸಾಬಾಣ ಹಚ್ಚುತ್ತಾರೇನು ಎಂದು ಕೇಳಿದ ಅದೇ ದನಿ! ಸೇವೆಗೆಂದು ಬಂದು ಕೂತಿದ್ದಾರೆ, ಮಾರಾಯರು.

ನನ್ನ ಬಾಯಿಂದ ಏನು ಹೊರಟಿತು ಗೊತ್ತೆ? “ನಮಸ್ಕಾರ್ರಿ. ಊಟ ಆತೇನ್ರಿ?”

“ಆತವಾ. ನೀವೆಲ್ಲ ಅರಾಮ?”

“ಅರಾಮ್ರಿ, ಎಲ್ಲಾ ಅರಾಮ. ದೋಣಿ ಸ್ವಲ್ಪ ನಿಂತೈತ್ರಿ. ಸವುಡು ಆದಾಗ ಬರ್ರಿ, ಗಡಬಡಿ ಏನಿಲ್ಲ.”

ಮುಳುಗುತ್ತ ಮುಳುಗುತ್ತ ಮರ್ಯಾದೆ ಉಳಿಸಿಕೊಳ್ಳುವ ನನ್ನನ್ನು ಕಾಕಾ ಒಂದು ಗಳಿಗೆ ನೋಡಿದರು. ಆಮೇಲೆ ವಾಕಿಟಾಕಿ ತೆಗೆದುಕೊಂಡರು. “ಮೇಡೇ, ಮೇಡೇ, ಮೇಡೇ.” ಬಚ್ಚಲಿನ ಗುಡುಗು ಇರಲಿಲ್ಲ, ಪಾಠ ಹೇಳಿದಂತೆ ಸಾವಕಾಶ ಹೇಳಿದರು. ಯಾವ ದೋಣಿ, ಯಾವ ಕಂಬ, ಎಷ್ಟು ಮಂದಿ, ಹಗ್ಗ ಬೇಕು, ಇನ್ನೊಂದು ದೋಣಿ ಬೇಕು. ಅಲ್ಲಿಗೆ ನಿಲ್ಲಿಸಬಾರದೆ? “ನಮ್ಮ ಹುಡುಗಿ ನಾಚಿ ಸುಳ್ಳು ಹೇಳ್ಯಾಳ್ರಿ. ಅರಾಮ ಇಲ್ಲ. ಓವರ್!”

ಆ ಕಡೆ ಯಾರನ್ನೋ ಕೂಗಿ ಕರೆದ ಸದ್ದು. ಆಮೇಲೆ, “ಹೊಂಟ್ರು. ಕಂಬ ಬಿಡಬ್ಯಾಡ್ರಿ.”

ಬಂದರು, ಹಗ್ಗ ಎಸೆದರು, ಎಲ್ಲರನ್ನೂ ಆ ಶಾಲೆಗೆ ಮುಟ್ಟಿಸಿದರು. ಜೀವ ಉಳಿದದ್ದೇ ತಡ, ಅಜ್ಜಿಗೆ ಮಾನದ ನೆನಪಾಯಿತು. “ಬೀಗರಾಗೋರ ಮುಂದ ಹುಡುಗಿ ಸುಳ್ಳಿ ಅಂತ ಸಾರಿದಿಯಲ್ಲೋ! ಇನ್ನ ಯಾರು ಮಾಡ್ಕೋತಾರ ಇಕೀನ್ನ?” ನಾನು ಮುಖ ಎತ್ತಲಿಲ್ಲ. ಅಜ್ಜಿಗೆ ಹಾಗೆನ್ನಬೇಡ ಎಂದೂ ಹೇಳಲಿಲ್ಲ. ಕಾಕಾ ನನ್ನ ಮುಖ ನೋಡಿದರು. ಎದ್ದು ಹೋಗಿ ಕಡೆಯ ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತರು.

ವರನ ಅಪ್ಪ ಎಲ್ಲರನ್ನೂ ವಿಚಾರಿಸುತ್ತ ಅವರ ಹತ್ತಿರವೂ ಹೋದರು. “ನಿಮಗೇನರ ಬೇಕೇನ್ರಿ?”

“ಏನೂ ಬ್ಯಾಡ್ರಿ,” ಎಂದರು ಕಾಕಾ. “ಎಲ್ಲಾ ಅರಾಮ.”

ಆಗ ತಲೆ ಎತ್ತಿ ನೋಡಿದೆ. ಕಾಕಾನ ಧೋತರದಿಂದ ನೀರು ಇಳಿಯುತ್ತಿತ್ತು, ಗದ್ದ ನಡುಗುತ್ತಿತ್ತು. ಕಷ್ಟವನ್ನು ಮೊದಲು ಹೇಳಬೇಕೆಂದು ಊರಿಗೆಲ್ಲ ಕಲಿಸಿದ ಮನುಷ್ಯ ನನ್ನ ಮದುವೆಗಾಗಿ ನಮ್ಮಂತೆಯೇ ಮಾತಾಡಲು ಕಲಿತಿದ್ದ! ನನಗೆ ನನ್ನದೇ ನಾಚಿಕೆಯಾಯಿತು.

ಮೇಜಿನ ಮೇಲೆ ಒಂದು ವಾಕಿಟಾಕಿ ಇತ್ತು. ಎತ್ತಿಕೊಂಡು ಕಾಕಾನ ಪಕ್ಕ ಹೋಗಿ ಕೂತೆ. ಗುಂಡಿ ಒತ್ತಿದೆ. ಊರೆಲ್ಲ ಕೇಳಲಿ, ಮಿರಜವೂ ಕೇಳಲಿ!

“ಪ್ಯಾನ್ ಪ್ಯಾನ್, ಪ್ಯಾನ್ ಪ್ಯಾನ್, ಪ್ಯಾನ್ ಪ್ಯಾನ್. ಶಾಳೆದಾಗ, ಕಡೀ ಬೆಂಚು. ಥಂಡಿ ಹತ್ತೈತ್ರಿ. ಇಬ್ಬರು ಅದೀವಿ. ಒಣಾ ಧೋತರ ಬೇಕು, ಚಹಾ ಬೇಕು. ಓವರ್.”

ವರನ ಅಪ್ಪ ಅಲ್ಲೇ, ನಾಲ್ಕು ಮಾರು ದೂರದಲ್ಲಿ ನಿಂತಿದ್ದರು. ತಿರುಗಿ ನನ್ನ ಮುಖ ನೋಡುತ್ತಲೇ ತಮ್ಮ ಕೈಯಲ್ಲಿದ್ದದ್ದರ ಗುಂಡಿ ಒತ್ತಿದರು. “ಕೇಳಿಸ್ತು. ಇಬ್ಬರು ಅಂದ್ರ ಯಾರ್ಯಾರು? ಓವರ್.”

“ಬಚ್ಚಲಮನ್ಯಾಗ ಒದರಿದವರ್ರಿ,” ಎಂದೆ. “ಮತ್ತ ಅವರ ಮಗಳು. ಓವರ್.”

ಅಣ್ಣನ ಮಗಳು ಅನ್ನಬೇಕಿತ್ತು. ಒಂದು ಮಾತು ತಪ್ಪಿದರೂ ಬಿಡದೆ ತಿದ್ದುವ ಕಾಕಾ ನನ್ನನ್ನು ತಿದ್ದಲಿಲ್ಲ.