ಎಲ್ಲಾ ರಾಣಿಯರೇ

ಹಾಸಿಗೆ ಅಂಗಡಿಯಲ್ಲಿ ಬಿಲ್ ಬರೆಯುವವನ ನಿಜವಾದ ಹೆಸರು ಅಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವನು ಬಿಲ್ಲಪ್ಪ. ಒಂದು ದಿನವಾದರೂ ನಾಲ್ಕು ಜನ ತನ್ನ ಕಡೆ ಬಾಯಿಬಿಟ್ಟು ನೋಡಲಿ ಅಂತ ಆಸೆಪಟ್ಟು, ಬೆಳಿಗ್ಗೆ ಕೆಲಸಕ್ಕೆ ಬರುವಾಗ ದಾರಿಯಲ್ಲಿ ಒಂದು ಮ್ಯಾಜಿಕ್ ಇಸ್ಪೀಟು ಕಟ್ಟು ಕೊಂಡುಕೊಂಡ.

"ಗುಟ್ಟು ಇಷ್ಟೇ ಸಾರ್," ಅಂದ ಆಟಿಕೆ ಅಂಗಡಿಯವ, ಕಿವಿಯ ಹತ್ತಿರ ಬಾಗಿ. "ಇದರಲ್ಲಿರೋದೆಲ್ಲಾ ಆಟೀನ್ ರಾಣೀನೇ. ಯಾವ ಎಲೆ ಎಳೆದರೂ ನೀವು ಕಣ್ಮುಚ್ಚಿ ಹೇಳಬಹುದು."

ಊಟದ ಹೊತ್ತಿಗೆ ಬಿಲ್ಲಪ್ಪ ಕ್ಯಾಶಿಯರಮ್ಮನ ಮುಂದೆ ಎಲೆಗಳನ್ನು ಬೀಸಣಿಗೆಯ ಹಾಗೆ ಹರಡಿದ. ಆಕೆ ಒಂದನ್ನು ಎಳೆದು, ನೋಡಿ, ಎದೆಗೆ ಅವುಚಿಕೊಂಡರು. ಬಿಲ್ಲಪ್ಪ ಹಲ್ಲುನೋವು ಬಂದವನಂತೆ ಮುಖ ಕಿವುಚಿ, "ಆಟೀನ್... ರಾಣಿ!" ಅಂದ.

"ಅಯ್ಯೋ ನನ್ನಪ್ಪಾ!" ಕ್ಯಾಶಿಯರಮ್ಮನ ಕೈಯಿಂದ ಚಮಚ ಜಾರಿತು.

ಕೂಗು ಕೇಳಿ ಹಾಸಿಗೆ ಮಾರಿ ಮನೆಗೂ ಮುಟ್ಟಿಸುವ ದಪ್ಪಣ್ಣ ಓಡಿಬಂದ. ಅವನು ಎಳೆದರೂ ಆಟೀನ್ ರಾಣಿ.

"ಅದೇ ಎಲೆ ಮತ್ತೆ ಹೇಗೆ ಬಂತೋ?"

"ರಾಣಿ ನನ್ನ ಮಾತು ಕೇಳ್ತಾಳೆ ದಪ್ಪಣ್ಣ. ಕರೆದಾಗ ಬರ್ತಾಳೆ," ಅಂದ ಬಿಲ್ಲಪ್ಪ ಗತ್ತಿನಿಂದ.

ಅಷ್ಟರಲ್ಲಿ ಮಾಲೀಕರು ಬಂದರು. "ಇವತ್ತಿಂದ ಒಂದು ವಾರ ಒಬ್ಬರು ಗೋದಾಮಿಗೆ ಹೋಗಬೇಕು. ಯಾರು ಹೋಗ್ತೀರಿ?"

ಗೋದಾಮು ಅಂದರೆ ಧೂಳು, ಬೆಕ್ಕಿನ ಗಾತ್ರದ ಇಲಿಗಳು. ಮೂವರೂ ಅಲ್ಲೇನೋ ಸಿನಿಮಾ ಓಡುತ್ತಿದೆ ಅನ್ನುವ ಹಾಗೆ ಸೂರು ನೋಡತೊಡಗಿದರು.

"ಸರಿ, ಇಸ್ಪೀಟು ಇದೆಯಲ್ಲ. ಒಬ್ಬೊಬ್ಬರು ಒಂದೊಂದು ಎಲೆ ಹೇಳಿ. ಮೊದಲು ಯಾರದ್ದು ಬರುತ್ತೋ ಅವರು ಹೊರಡಿ," ಅಂದರು ಮಾಲೀಕರು.

ಕ್ಯಾಶಿಯರಮ್ಮ ಇಸ್ಪೀಟ್ ರಾಜ ಅಂದರು. ದಪ್ಪಣ್ಣ ಡೈಮನ್ ಗುಲಾಮ ಅಂದ. ಬಿಲ್ಲಪ್ಪ ಬಾಯಿ ತೆರೆಯುವ ಮೊದಲೇ ದಪ್ಪಣ್ಣ, "ಇವನಿಗೆ ಆಟೀನ್ ರಾಣೀನೇ ಇರಲಿ ಸಾರ್. ಇವನ ಮಾತು ಕೇಳೋಳು ಅವಳೊಬ್ಬಳೇ!" ಅಂದುಬಿಟ್ಟ.

ಮಾಲೀಕರ ಕೈ ಕಟ್ಟಿನ ಕಡೆ ಹೋಯಿತು. ಬಿಲ್ಲಪ್ಪನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ತಡೆಯಲಾರದೆ ಕಟ್ಟನ್ನು ಕಿತ್ತುಕೊಂಡು ಮೇಜಿನ ಮೇಲೆ ಅಂಗಾತ ಸುರಿದ.

"ಸಾರ್, ಮೋಸ! ಎಲ್ಲಾ ಅವಳೇ ಸಾರ್!"

ಮೇಜಿನ ತುಂಬ ರಾಣಿಯರು. "ಥೂ, ಇಷ್ಟೇನಾ ನಿನ್ನ ಮ್ಯಾಜಿಕ್ಕು!" ಅಂದರು ಕ್ಯಾಶಿಯರಮ್ಮ. ಬಿಲ್ಲಪ್ಪನಿಗೆ ಮಾನಕ್ಕಿಂತ ಇಲಿಯೇ ದೊಡ್ಡದಾಗಿ ಕಾಣುತ್ತಿತ್ತು.

ಕೊನೆಗೆ ಹೆಸರು ಬರೆದು ಚೀಟಿ ಎತ್ತಿದರು. ಬಂದದ್ದು ದಪ್ಪಣ್ಣನ ಹೆಸರು. ಅವನು ಗಾಳಿ ಹೋದ ಟ್ಯೂಬಿನಂತೆ ಕುಸಿದು ಕೂತ. ಬಿಲ್ಲಪ್ಪ ಒಳಗೊಳಗೇ ಕುಣಿಯುತ್ತಾ ಅವನ ಹೆಗಲು ತಟ್ಟಿದ. "ಪ್ಯಾಂಟನ್ನ ಕಾಲುಚೀಲದೊಳಗೆ ಸಿಕ್ಕಿಸ್ಕೊಳ್ಳಿ ದಪ್ಪಣ್ಣ. ಇಲಿ ಹತ್ತಲ್ಲ."

"ಇಲಿ ಎಲ್ಲಿಯದಯ್ಯಾ?" ಅಂದರು ಮಾಲೀಕರು. "ಗೋದಾಮಿನ ಮೇಲಿನ ಕೋಣೆಗೆ ಏಸಿ ಹಾಕಿಸಿದ್ದೀನಿ. ಹೊಸ ನಮೂನೆ ಹಾಸಿಗೆ ಬಂದಿವೆ. ದಿನವಿಡೀ ಮಲಗೆದ್ದು ಯಾವುದು ಚೆನ್ನಾಗಿದೆ ಅಂತ ಹೇಳಬೇಕು, ಅಷ್ಟೇ. ಊಟ ಹೋಟೆಲಿಂದ ಬರುತ್ತೆ. ಬಿಲ್ಲಪ್ಪಾ, ವಾರಪೂರ್ತಿ ಇವನ ಕೆಲಸಾನೂ ನೀನೇ ನೋಡ್ಕೋ."

ಸಂಜೆ ಬಿಲ್ಲಪ್ಪ ಜೋಡಿ ಹಾಸಿಗೆಯೊಂದನ್ನು ತಲೆಯ ಮೇಲೆ ಹೊತ್ತು ಗಿರಾಕಿಯ ಮನೆಯ ಮೆಟ್ಟಿಲು ಹತ್ತುತ್ತಿದ್ದಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಏದುಸಿರು ಬಿಡುತ್ತಲೇ ಎತ್ತಿದ.

"ಬಿಲ್ಲಪ್ಪಾ..." ದಪ್ಪಣ್ಣನ ದನಿ ಎಲ್ಲೋ ಆಳದಿಂದ ಬಂತು. "ಬಲ ಮಗ್ಗುಲು ಮುಗೀತು. ಈಗ ಎಡಕ್ಕೆ ಹೊರಳೋಣಾಂತಿದ್ದೀನಿ. ಸಾರಿಗೆ ಹೇಳ್ಬಿಡು, ಕೆಲಸ ಭಾರಿ..."

ಮಿಕ್ಕದ್ದು ಗೊರಕೆ.